ಕೇಬಲ್‌ಗೂ ಒಂದು ಆಸರೆ



ನಾನು ಕಟ್ಟಡಗಳಲ್ಲಿ ನೆಟ್‌ವರ್ಕ್ ಕೇಬಲ್ ಎಳೆಯುವ ಕೆಲಸದವನು. ನಮ್ಮ ಶಾಲೆಯ ಹೊಸ ಕಂಪ್ಯೂಟರ್ ಕೊಠಡಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಹಣ ಕೂಡಿಸಿದ್ದೇವೆ. ಕಂಪ್ಯೂಟರ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಕೇಬಲ್ ಬೀಳುವುದಿಲ್ಲ. ಅದರ ಪರವಾಗಿ ನಾಲ್ಕು ಮಾತು.

ಸ್ವಿಚ್‌ನಿಂದ ಕಂಪ್ಯೂಟರ್‌ವರೆಗೆ ತಾಮ್ರದ ಕೇಬಲ್ 100 ಮೀಟರ್ ಮೀರಬಾರದು. ಕರೆಂಟ್ ವೈರಿನ ಪೈಪಿನಲ್ಲೇ ಅದನ್ನು ತೂರಿಸಬಾರದು. ಜೋತು ಬೀಳದಂತೆ 1.5 ಮೀಟರಿನೊಳಗೆ ಒಂದೊಂದು ಕೊಕ್ಕೆ ಕೊಡಬೇಕು. ಬಿಗಿದು ಕಟ್ಟಿದರೆ ಒಳಗೆ ಹೆಣೆದಿರುವ 4 ಜೋಡಿ ತಂತಿ ನಲುಗುತ್ತವೆ. ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಅಂಟಿಸಬೇಕು.

ಚೀಟಿ ಇಲ್ಲದಿದ್ದರೆ, ನೆಟ್ ಕೆಟ್ಟ ದಿನ ಕೊಠಡಿಗೆ ಬೀಗ; ಪಟ್ಟಣದಿಂದ ಯಾರೋ ಬರುವತನಕ ಮಕ್ಕಳು ಕಾಯಬೇಕು. ಇದ್ದರೆ, ಯಾವ ಕೇಬಲ್ ಎಂದು ಹತ್ತನೇ ತರಗತಿಯ ಹುಡುಗಿಯೇ ತೋರಿಸಿಯಾಳು. ಕಂಪ್ಯೂಟರ್ ಒಂದು ಕಡಿಮೆಯಾದರೂ ಚಿಂತೆಯಿಲ್ಲ, ಈ ಕೆಲಸ ಅಚ್ಚುಕಟ್ಟಾಗಿ ಆಗಲಿ.