ಚಪ್ಪರ ಬೇಡ, ಕಾಗದ ಬೇಕು

ಸಂಘದ ಅಕ್ಕ ತಂಗಿಯರೇ,

25 ವರ್ಷದ ಹಿಂದೆ ನಾನು ಮನೆ ಬಿಟ್ಟು ಹೋಗಿ ಮದುವೆಯಾದವಳು. ಬೆಟ್ಟದ ಮೇಲೆ ಎರಡು ಹಾರ, ಒಂದು ಅರಿಶಿನ ಕೊಂಬು. ವರದಕ್ಷಿಣೆಯಿಲ್ಲ, ಸಾಲವಿಲ್ಲ ಎಂದು ಹಿಗ್ಗಿದೆ. ಆದರೆ ಸಾಕ್ಷಿಯೂ ಇರಲಿಲ್ಲ, ದಾಖಲೆಯೂ ಇರಲಿಲ್ಲ. ಹೊಡೆದು ಹೊರಗೆ ಹಾಕಿದ ದಿನ ಆತ, 'ನಾನು ತಾಳಿ ಕಟ್ಟಿದ್ದನ್ನು ಯಾರು ನೋಡಿದ್ದಾರೆ?' ಎಂದ. ಜೀವನಾಂಶ ಕೇಳಲು ಹೋದರೆ, ನಾನು ಹೆಂಡತಿ ಎಂದು ತೋರಿಸುವುದಕ್ಕೇ ವರ್ಷಗಳು ಹಿಡಿದವು.

ಕಳೆದ ವರ್ಷ ಮಗಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿದಳು. 'ಓಡಿಹೋಗಬೇಡ, ನಾನೇ ಜೊತೆಗೆ ಬರುತ್ತೇನೆ' ಎಂದೆ. 1954ರ ವಿಶೇಷ ವಿವಾಹ ಕಾಯ್ದೆಯಂತೆ ವಿವಾಹಾಧಿಕಾರಿಗೆ ನೋಟಿಸು ಕೊಟ್ಟೆವು. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ನೋಟಿಸಿನ ನಂತರ 30 ದಿನ ಕಾಯಬೇಕು. ಹುಡುಗನ ಕಡೆಯವರು ಗಲಾಟೆ ಮಾಡಿದಾಗ ಸಂಘದ ಹೆಂಗಸರೇ ಮಗಳಿಗೆ ಕಾವಲಾದರು. 3 ಸಾಕ್ಷಿಗಳ ಸಹಿ ಬೇಕಿತ್ತು, ನಮ್ಮ ಮೂವರೇ ಹಾಕಿದರು. ಆಮೇಲೆ ಹೊಂಗೆ ಮರದಡಿ ಕುವೆಂಪು ಅವರ ಮಂತ್ರಮಾಂಗಲ್ಯ ಓದಿ ಹಾರ ಬದಲಾಯಿಸಿಕೊಂಡರು. ಊಟಕ್ಕೆ ಚಿತ್ರಾನ್ನ, ಮಜ್ಜಿಗೆ.

ಚಪ್ಪರ, ವಾಲಗ ಇಲ್ಲದೆ ಮದುವೆಯಾಗಬಹುದು. ದಾಖಲೆ ಇಲ್ಲದೆ ಬೇಡ. ಅದರ ಒಂದು ಪ್ರತಿ ನಿಮ್ಮ ಪೆಟ್ಟಿಗೆಯಲ್ಲೇ ಇರಲಿ.