ಬೇಸಿಗೆಯಲ್ಲಿ ಲೈನುಮನೆ ತಂಪಾಗಿರಲು
(ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಬೆಟ್ಟದ ಮೇಲಿರುವ ನಮಗೆ ಸೆಕೆಯ ಚಿಂತೆ ಯಾಕೆ ಎಂದು ಕೆಲವರು ಕೇಳಬಹುದು. ನಮ್ಮ ಹಿರಿಯರು ಕಂಬಳಿ ಹೊಂದಿಸುವ ಚಿಂತೆಯಲ್ಲೇ ಕಾಲ ಕಳೆದವರು. ಆದರೆ 2024ರ ಏಪ್ರಿಲ್ 29ರಂದು ಊಟಿಯಲ್ಲೇ 29 ಡಿಗ್ರಿ ಬಿಸಿ ದಾಖಲಾಯಿತು. ಅದು ಆ ದಿನಗಳ ವಾಡಿಕೆಗಿಂತ 5 ಡಿಗ್ರಿಗೂ ಹೆಚ್ಚು. ಅದೇ ದಿನಗಳಲ್ಲಿ ಪಾಲಕ್ಕಾಡಿಗೆ ಬಿಸಿಗಾಳಿಯ ಎಚ್ಚರಿಕೆ ಕೊಡಬೇಕಾಯಿತು. ಊಟಿಗಿಂತ ತಗ್ಗಿನಲ್ಲಿರುವ ಗೂಡಲೂರು, ವಯನಾಡಿನ ತೋಟಗಳಲ್ಲಿ ಶೀಟು ಹೊದಿಸಿದ ಪಾಡಿಯೊಳಗೆ ಮಧ್ಯಾಹ್ನ ಎರಡು ಗಂಟೆಗೆ ಕೂತವರಿಗೆ ಸೆಕೆ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಹೊತ್ತಿನಲ್ಲಿ ಮನೆಯೊಳಗೆ ಇರುವವರು ಯಾರು? ಗಟ್ಟಿಮುಟ್ಟಾದವರೆಲ್ಲ ತೋಟದಲ್ಲಿ, ಮರದ ನೆರಳಿನಲ್ಲೋ ಬಿಸಿಲಿನಲ್ಲೋ ಇರುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕಿ ತಾಯಿ, ಹೆರಿಗೆಯಾದ ಸೊಸೆ, ಜೋಲಿಯಲ್ಲಿ ಮಲಗಿದ ಕೂಸು, ಕಾಯಿಲೆ ಬಿದ್ದವರು, ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ನಿದ್ರೆಗಾಗಿ ಹೊರಳಾಡುವ ಮಗ. ಮೈಯ ಬಿಸಿಯನ್ನು ತಡೆದುಕೊಳ್ಳುವ ಶಕ್ತಿ ಮುದುಕರಿಗೂ ಕೂಸುಗಳಿಗೂ ಕಡಿಮೆ. ಆದುದರಿಂದ ಮನೆ ತಂಪಾಗಿಡುವುದು ಸುಖದ ಮಾತಲ್ಲ. ಮನೆಯ ದುರ್ಬಲರನ್ನು ಕಾಯುವ ಮಾತು.

ಸೆಕೆ ಬಂತೆಂದರೆ ಕಂತಿನ ಮೇಲೆ ಕೂಲರು ಕೊಡುವ ಅಂಗಡಿಯವರು ಲೈನಿನ ಬಾಗಿಲಿಗೇ ಬರುತ್ತಾರೆ. ಕೂಲಿಯ ಹಣ ಕೈಗೆ ಬರುವ ಮೊದಲೇ ಕಂತಿಗೆ ಹೋಗುತ್ತದೆ. ಕೊಳ್ಳುವ ಮೊದಲು ಒಂದು ಮಾತು ತಿಳಿಯಿರಿ. ಕೂಲರು ತಂಪು ಮಾಡುವುದು ನೀರು ಆರುವುದರಿಂದ. ಗಾಳಿ ಒಣಗಿದ್ದರೆ ನೀರು ಬೇಗ ಆರುತ್ತದೆ. ಆದುದರಿಂದ ಆದೋನಿ, ರಾಯದುರ್ಗ, ಸೊಲ್ಲಾಪುರದ ಒಣ ಬಿಸಿಲಿಗೆ ಅದು ತಕ್ಕದ್ದು. ಕಾಸರಗೋಡಿನಂಥ ಬೆವರು ಸುರಿಯುವ ಸೀಮೆಯಲ್ಲಿ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಅಲ್ಲಿ ಕೂಲರಿನಿಂದ ಮನೆ ಇನ್ನಷ್ಟು ಉಬ್ಬೆ ಹಾಕಿದ ಹಾಗಾಗುತ್ತದೆ. ಬೆಟ್ಟದ ಸೀಮೆಯಲ್ಲಿಯೂ ಬೇಸಿಗೆ ಮಳೆ ಬಿದ್ದ ಮೇಲೆ ಅದು ಮೂಲೆ ಸೇರುತ್ತದೆ. ಕಂತು ಮಾತ್ರ ಮುಗಿಯುವುದಿಲ್ಲ.

ಹಾಗಾದರೆ ಏನು ಮಾಡತಕ್ಕದ್ದು? ಮೊದಲು ನೆರಳು, ಆಮೇಲೆ ಗಾಳಿ, ಆಮೇಲೆ ನೀರು, ಕೊನೆಗೆ ವಿದ್ಯುತ್ತು. ಈ ಕ್ರಮವನ್ನು ನೆನಪಿನಲ್ಲಿಡಿರಿ. ಮೊದಲನೆಯದಕ್ಕೆ ಖರ್ಚು ಕಡಿಮೆ, ಪ್ರಯೋಜನ ಹೆಚ್ಚು.

ನೆರಳಿನ ವಿಷಯ. ಏಪ್ರಿಲ್ ಮೂರನೆಯ ವಾರದ ಹೊತ್ತಿಗೆ ವಯನಾಡು, ನೀಲಗಿರಿಗಳಲ್ಲಿ ನಡುಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆದುದರಿಂದ ಗೋಡೆಗಿಂತ ಮಾಡಿನ ಮೇಲೆ ಬಿಸಿಲು ಹೆಚ್ಚು ಬೀಳುತ್ತದೆ. ತುಕ್ಕು ಹಿಡಿದು ಕಪ್ಪಾದ ತಗಡು ಆ ಬಿಸಿಲನ್ನು ಕುಡಿದು, ಕಾದ ಹೆಂಚಿನ ಹಾಗೆ ನಮ್ಮ ತಲೆಯ ಮೇಲೆ ಉಗುಳುತ್ತದೆ. ಅದೇ ಮಾಡು ಬೆಳ್ಳಗಿದ್ದರೆ ಬಿಸಿಲಿನ ಹೆಚ್ಚು ಪಾಲನ್ನು ಬಂದ ದಾರಿಗೇ ಹಿಂದಕ್ಕೆ ಕಳುಹಿಸುತ್ತದೆ. ಅಹಮದಾಬಾದಿನಲ್ಲಿ 2010ರ ಬೇಸಿಗೆಯಲ್ಲಿ ಬಹಳ ಜನ ಸತ್ತರು. ಆ ಮೇಲೆ 2013ರಲ್ಲಿ ಆ ನಗರವು ಬಿಸಿಲಿಗೆಂದೇ ಒಂದು ಯೋಜನೆ ಮಾಡಿಕೊಂಡಿತು. ಬಡವರ ಮಾಡುಗಳಿಗೆ ಬಿಳಿ ಸುಣ್ಣ ಬಳಿಯುವ ಕೆಲಸವೂ ಅಲ್ಲಿ ನಡೆಯಿತು. ತೆಲಂಗಾಣ ಸರಕಾರ 2023ರಲ್ಲಿ ತಂಪು ಮಾಡಿಗಾಗಿಯೇ ಒಂದು ನೀತಿಯನ್ನು ಹೊರಡಿಸಿತು. ದೊಡ್ಡ ಊರುಗಳು ಈಗ ಕಲಿಯುವುದು ಸುಣ್ಣದ ಪಾಠವನ್ನೇ.

ಕಾಂಕ್ರೀಟು ತಾರಸಿಗೂ ಹಂಚಿಗೂ ಸುಣ್ಣ ಚೆನ್ನಾಗಿ ಹಿಡಿಯುತ್ತದೆ. ಸುಣ್ಣವನ್ನು ಅರಳಿಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಬೆರೆಸಿ, ತೆಳುವಾಗಿ ಎರಡು ಮೂರು ಸಲ ಬಳಿಯಿರಿ. ಮಳೆಗೆ ತೊಳೆದುಹೋದರೆ ಮುಂದಿನ ಫೆಬ್ರವರಿಯಲ್ಲಿ ಮತ್ತೆ ಬಳಿಯಬೇಕು. ತಗಡಿಗೆ ಸುಣ್ಣ ನಿಲ್ಲುವುದು ಕಷ್ಟ. ತಗಡಿಗೆಂದೇ ಮಾರುವ ಬಿಳಿ ಬಣ್ಣ ಬಾಳುತ್ತದೆ. ಮಾಡಿನ ಮಳೆನೀರನ್ನು ಕುಡಿಯಲು ಹಿಡಿಯುವ ಮನೆಗೆ ಸುಣ್ಣವೂ ಬೇಡ, ಕಂಡಕಂಡ ಬಣ್ಣವೂ ಬೇಡ. ಸುಣ್ಣ ಅರಳುವಾಗ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಮಕ್ಕಳನ್ನು ಹತ್ತಿರ ಬಿಡಬೇಡಿರಿ.

ಇಲ್ಲಿ ಗಂಡಸರಿಗೆ ಒಂದು ಎಚ್ಚರಿಕೆ. ಸಿಮೆಂಟು ಶೀಟಿನ ಮೇಲೆ ಕಾಲಿಡಬೇಡಿರಿ. ಹಳೆಯ ಶೀಟು ಸದ್ದಿಲ್ಲದೆ ಒಡೆಯುತ್ತದೆ, ಕೆಳಗೆ ಬಿದ್ದವರ ಸೊಂಟ ಮುರಿಯುತ್ತದೆ. ಅದು ಆಸ್ಬೆಸ್ಟಾಸ್ ಶೀಟಾಗಿದ್ದರೆ ಒಣಗಿದ್ದಾಗ ಉಜ್ಜುವುದು, ಕೊರೆಯುವುದು, ಒಡೆಯುವುದು ಯಾವುದೂ ಕೂಡದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಮಾಡಿನ ಕೆಲಸವನ್ನು ತೋಟದ ಮೇಸ್ತ್ರಿಯ ಮೂಲಕ, ಅಡ್ಡಹಲಗೆ ಹಾಕಿ, ಕೆಲಸ ಗೊತ್ತಿದ್ದವರಿಂದಲೇ ಮಾಡಿಸತಕ್ಕದ್ದು.

ಮಾಡಿನ ಒಳಗಡೆಯೂ ಒಂದು ಉಪಾಯವುಂಟು. ಶೀಟಿನಿಂದ ಒಂದು ಗೇಣು ಕೆಳಗೆ ಬಿದಿರ ಚಾಪೆಯನ್ನೋ, ಹಳೆಯ ಸೀರೆಗಳನ್ನು ಹೊಲಿದು ಮಾಡಿದ ಮೇಲ್ಕಟ್ಟನ್ನೋ ಕಟ್ಟಿರಿ. ನಡುವೆ ನಿಂತ ಗಾಳಿ ಶೀಟಿನ ಝಳವನ್ನು ನೇರವಾಗಿ ಕೆಳಗೆ ಬಿಡುವುದಿಲ್ಲ. ಆದರೆ ಒಲೆಯ ಮೇಲೆ ಇದು ಬೇಡ, ಕಿಡಿ ಹಾರಿದರೆ ಇಡೀ ಲೈನು ಉರಿದೀತು. ಕೋಣೆಯ ಬಾಗಿಲಿನ ಈಚೆಗೇ ನಿಲ್ಲಿಸಿರಿ.

ಗೋಡೆಗಳ ಪೈಕಿ ಹೆಚ್ಚು ಕಾಯುವುದು ಪಡುವಣ ಗೋಡೆ. ಅದಕ್ಕೆ ಹೊರಗಡೆಯಿಂದ ನೆರಳು ಮಾಡಿರಿ. ಕಿಟಕಿಯ ಒಳಗೆ ಪರದೆ ಕಟ್ಟಿದರೆ ಬಿಸಿಲು ಆಗಲೇ ಮನೆಗೆ ಬಂದಾಯಿತು. ಹೊರಗೆ ಮಡಲಿನ ತಟ್ಟಿ ಕಟ್ಟಿದರೆ ಅದು ಅಂಗಳದಲ್ಲೇ ನಿಲ್ಲುತ್ತದೆ. ಅದಕ್ಕಿಂತ ಒಳ್ಳೆಯದು ಚಪ್ಪರ. ಸೋರೆ, ಪಡವಲ, ಬಸಳೆಯ ಬೀಜವೋ ಬಳ್ಳಿಯೋ ಮಳೆ ನಿಂತ ಕೂಡಲೇ ಹಾಕಿ, ಪಾತ್ರೆ ತೊಳೆದ ನೀರು ಬಿಟ್ಟರೆ ಬೇಸಿಗೆಗೆ ಎಲೆಯ ಗೋಡೆ ಸಿದ್ಧ. ಸಾರಿಗೂ ಆಯಿತು, ನೆರಳಿಗೂ ಆಯಿತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಎರಡು ಬಾಳೆ ನೆಡಿರಿ. ತಾಳವಾಡಿ, ಹೊಸೂರಿನ ಕಡೆಯವರು ನುಗ್ಗೆ, ಬೇವು, ಹೊಂಗೆ ನೆಡಬಹುದು. ಲೈನಿನ ಪಕ್ಕದ ನೆರಳಿನ ಮರವನ್ನು ಸೌದೆಯ ಆಸೆಗೆ ಕಡಿಯಬೇಡಿರಿ. ಮಾಡಿನ ಮೇಲೆ ಚಾಚಿದ ಒಣ ಕೊಂಬೆಯನ್ನು ಮಾತ್ರ ಮಳೆಗಾಳಿಗೆ ಮುಂಚೆ ತೆಗೆಸಿರಿ.

ಈಗ ಗಾಳಿ. ದಪ್ಪ ಮಣ್ಣಿನ ಗೋಡೆ, ಹಂಚಿನ ಮಾಡು ಇರುವ ಮನೆಯನ್ನು ಹಗಲಲ್ಲಿ ಮುಚ್ಚಿ, ಸಂಜೆ ಹೊರಗೆ ತಂಪಾದ ಮೇಲೆ ತೆರೆಯಬೇಕು. ಶೀಟಿನ ಮನೆಗೆ ಈ ನಿಯಮ ಸಲ್ಲದು. ಅದನ್ನು ಮುಚ್ಚಿದರೆ ಹೊರಗಿಗಿಂತ ಒಳಗೇ ಹೆಚ್ಚು ಕಾಯುತ್ತದೆ. ಬಿಸಿಗಾಳಿ ಮೇಲಕ್ಕೇರುವ ಸ್ವಭಾವದ್ದು. ಗೋಡೆಯ ತುದಿಯಲ್ಲಿ ಗಾಳಿಕಂಡಿ ಇದ್ದರೆ ಅದು ಹೊರಗೆ ಹೋಗುತ್ತದೆ, ಕೆಳಗಿನ ಬಾಗಿಲಿನಿಂದ ನೆರಳಿನ ಗಾಳಿ ಒಳಗೆ ಬರುತ್ತದೆ. ಅನೇಕ ಮನೆಗಳಲ್ಲಿ ಆ ಕಂಡಿಗಳನ್ನು ಚಳಿಗಾಲದಲ್ಲಿ ಚಿಂದಿ ತುರುಕಿ ಮುಚ್ಚಿದವರು ಬೇಸಿಗೆಯಲ್ಲೂ ತೆಗೆದಿಲ್ಲ. ಇವತ್ತೇ ಮನೆಗೆ ಹೋಗಿ ತೆಗೆಯಿರಿ. ಸೊಳ್ಳೆಗೆ ಬಲೆ ಹೊಡೆಯಿರಿ. ಸೆಕೆ ಎಂದು ಅಂಗಳದಲ್ಲಿ ಮಲಗುವುದು ಬಯಲುಸೀಮೆಯವರಿಗೆ ಸರಿ. ಆನೆ, ಚಿರತೆ ತಿರುಗುವ ಗೂಡಲೂರು, ವಯನಾಡಿನ ತೋಟಗಳಲ್ಲಿ ಅದು ಪ್ರಾಣಕ್ಕೆ ಎರವು.

ಒಲೆಯೂ ಮನೆ ಕಾಯಿಸುತ್ತದೆ. ಬೆಳಗಿನ ತಂಪಿನಲ್ಲೇ ಅಡಿಗೆ ಮುಗಿಸಿರಿ. ಬೇಳೆಕಾಳನ್ನು ರಾತ್ರಿಯೇ ನೆನೆಹಾಕಿದರೆ ಬೇಗ ಬೇಯುತ್ತದೆ. ಅನ್ನ ಮುಕ್ಕಾಲು ಬೆಂದಾಗ ಇಳಿಸಿ, ಮುಚ್ಚಿ, ಕಂಬಳಿ ಸುತ್ತಿಟ್ಟರೆ ಉಳಿದದ್ದು ತನ್ನಷ್ಟಕ್ಕೆ ಬೇಯುತ್ತದೆ. ಸೌದೆಯೂ ಉಳಿಯಿತು, ಝಳವೂ ತಪ್ಪಿತು. ಮಧ್ಯಾಹ್ನಕ್ಕೆ ಅಂಬಲಿ, ಮಜ್ಜಿಗೆ ಒಲೆ ಕೇಳುವುದಿಲ್ಲ.

ನೀರಿನ ಉಪಯೋಗ ಆಯಾ ಸೀಮೆಗೆ ತಕ್ಕಂತೆ. ಒಣ ಸೀಮೆಯವರು ಗಾಳಿ ಬರುವ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿದರೆ ಅದೇ ಬಡವರ ಕೂಲರು. ಕರಾವಳಿಯವರಿಗೆ ಅದು ಬೇಡ. ಕುಡಿಯುವ ನೀರಿಗೆ ಮಣ್ಣಿನ ಮಡಕೆ ಇಡಿರಿ, ಮರಳಿನ ಮೇಲೆ, ನೆರಳಿನಲ್ಲಿ, ಬಾಯಿ ಮುಚ್ಚಿ. ನಲ್ಲಿ ನೀರಿಗೆ ಸಾಲು ನಿಲ್ಲುವ ಲೈನುಗಳಲ್ಲಿ ಮಾಡಿಗೆ ನೀರು ಸುರಿಯುವುದು ಅನ್ಯಾಯ. ಅದು ನೆರೆಯವರ ಕೊಡದ ನೀರು.

ಕೊನೆಗೆ ವಿದ್ಯುತ್ತು. ಫ್ಯಾನು ಮನೆಯನ್ನು ತಂಪು ಮಾಡುವುದಿಲ್ಲ, ಮೈಯ ಬೆವರನ್ನು ಆರಿಸುತ್ತದೆ, ಅಷ್ಟೇ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು ದುಡ್ಡನ್ನು ಮಾತ್ರ ತಿರುಗಿಸುತ್ತದೆ. ಹಳೆಯ 75 ವಾಟಿನ ಫ್ಯಾನು ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್. ಈಗ ಬರುವ 30 ವಾಟಿನದಕ್ಕೆ 9 ಯೂನಿಟ್. ಹೊಸದು ಕೊಳ್ಳಲೇಬೇಕಾದಾಗ ಇದನ್ನು ಲೆಕ್ಕ ಹಾಕಿ ಕೊಳ್ಳಿರಿ. ಕೋಣೆಯ ಗಾಳಿ 40 ಡಿಗ್ರಿ ಮೀರಿದರೆ ಫ್ಯಾನು ಮೈಗೆ ಬಿಸಿಯನ್ನೇ ಊದುತ್ತದೆ. ಆಗ ಒದ್ದೆ ಬಟ್ಟೆಯಿಂದ ಮೈ ಒರೆಸಬೇಕು, ಮುದುಕರನ್ನೂ ಕೂಸನ್ನೂ ಮರದ ನೆರಳಿಗೆ ಕರೆದೊಯ್ಯಬೇಕು.

ಬಿಸಿಲಿನಿಂದ ಸುಸ್ತಾದವರಿಗೆ ಒಂದು ಲೀಟರು ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿರಿ. ಮೈ ಕೆಂಡದಂತೆ ಸುಟ್ಟು, ಮಾತು ತೊದಲಿ, ಗುರುತು ಹಿಡಿಯದೆ ಹೋದರೆ ಅದು ಬರಿಯ ಸುಸ್ತಲ್ಲ. ನೆರಳಿಗೆ ಎಳೆದು, ಮೈಗೆಲ್ಲ ನೀರು ಹಾಕಿ, ಗಾಳಿ ಬೀಸುತ್ತಾ 108ಕ್ಕೆ ಫೋನು ಮಾಡಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿರಿ.

ಇನ್ನೊಂದು ಮಾತು ಹೇಳದೆ ಮುಗಿಸಬಾರದು. ಲೈನುಮನೆ ನಮ್ಮ ಸ್ವಂತದ್ದಲ್ಲ. ಚಪ್ಪರ, ಮಡಕೆ, ಗೋಣಿತಾಟು ನಮ್ಮ ಕೈಯ ಕೆಲಸ. ಮಾಡು, ಗಾಳಿಕಂಡಿ, ನಲ್ಲಿ ಇವು ಮಾಲೀಕರ ಹೊಣೆ. 1951ರ ತೋಟ ಕಾರ್ಮಿಕರ ಕಾಯಿದೆಯು ಮನೆ ಕೊಡುವ ಹೊಣೆಯನ್ನು ಮಾಲೀಕರ ಮೇಲೆ ಇಟ್ಟಿತು. ಅದರ ಜಾಗಕ್ಕೆ ತಂದ 2020ರ ಸಂಹಿತೆಯೂ ತೋಟದ ಕಾರ್ಮಿಕರ ಮನೆ, ಕುಡಿಯುವ ನೀರು, ಅಡಿಗೆಕೋಣೆ, ಕಕ್ಕಸಿನ ಮಾತನ್ನು ಬಿಟ್ಟಿಲ್ಲ. ಮಾಡು ಬೆಳ್ಳಗೆ ಮಾಡಿಸಿಕೊಡಿರಿ ಎಂದು ಕೇಳುವುದು ಬೇಡುವುದಲ್ಲ. ಆದರೆ ಒಬ್ಬೊಬ್ಬರೇ ಹೋಗಿ ಆಫೀಸಿನ ಬಾಗಿಲಲ್ಲಿ ನಿಲ್ಲಬೇಡಿರಿ. ಲೈನಿನ ಎಲ್ಲ ಮನೆಗಳವರೂ ಸೇರಿ, ಯಾವ ಮನೆಯ ಯಾವ ಶೀಟು ಎಂದು ಬರೆದು, ಎಲ್ಲರೂ ರುಜು ಹಾಕಿ, ಯೂನಿಯನ್ನಿನ ಮೂಲಕ ಕೊಡಿರಿ. ಒಂದು ಪ್ರತಿ ನಿಮ್ಮಲ್ಲಿರಲಿ. ಜನವರಿಯಲ್ಲಿ ಕೊಟ್ಟ ಅರ್ಜಿ ಏಪ್ರಿಲಿಗೆ ಕೆಲಸವಾದೀತು. ಏಪ್ರಿಲಿನಲ್ಲಿ ಕೊಟ್ಟದ್ದು ಮಳೆಗಾಲಕ್ಕೆ.

ನಿಮ್ಮ ಲೈನಿನಲ್ಲಿ ಒಂಟಿಯಾಗಿರುವ ಮುದುಕರು ಯಾರೆಂದು ನಿಮಗೆ ಗೊತ್ತು. ಅವರ ಕೈಯಲ್ಲಿ ಚಪ್ಪರ ಹಾಕಲಾಗದು, ಕಂಡಿಯ ಚಿಂದಿ ತೆಗೆಯಲಾಗದು. ಬರುವ ಭಾನುವಾರ ಹುಡುಗರು ನಾಲ್ಕು ಜನ ಸೇರಿ ಮೊದಲು ಅವರ ಮನೆಯ ಕೆಲಸ ಮುಗಿಸಿ, ಆಮೇಲೆ ತಮ್ಮ ತಮ್ಮ ಮನೆಗೆ ಕೈಹಚ್ಚಲಿ. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿರುವ ಯಾರಾದರೊಬ್ಬರು ದಿನಕ್ಕೊಮ್ಮೆ ಅವರ ಬಾಗಿಲಿಗೆ ಹೋಗಿ, ಅಜ್ಜೀ, ನೀರು ಕುಡಿದಿರಾ ಎಂದು ಕೇಳಿರಿ.