ಸಾಫ್ಟ್‌ವೇರ್ ವಿದ್ಯೆ: ಮನೆಯಲ್ಲಿ ಕಲಿಯಬೇಕೆ, ತರಗತಿಗೆ ಹೋಗಬೇಕೆ?
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಗೊಬ್ಬರದ ವಿಚಾರವಲ್ಲ, ನಿಮ್ಮ ಮಕ್ಕಳ ವಿದ್ಯೆಯ ವಿಚಾರವಾಗಿ ಎರಡು ಮಾತು ಹೇಳುತ್ತೇನೆ. ಡಿಗ್ರಿ, ಡಿಪ್ಲೊಮಾ ಮುಗಿಸಿದ ಮಕ್ಕಳು ಸಾಫ್ಟ್‌ವೇರ್ ಕೆಲಸ ಕಲಿಯುತ್ತೇವೆ ಎನ್ನುತ್ತಾರೆ. ಬೆಂಗಳೂರಿಗೆ ಹೋಗಿ ತರಗತಿ ಸೇರಬೇಕೆ? ಮನೆಯಲ್ಲಿಯೇ ತಮ್ಮ ಪುರುಸೊತ್ತಿನಂತೆ ಕಲಿಯಬೇಕೆ? ಫೀಜಿಗಾಗಿ ಒಡವೆ ಒತ್ತೆಯಿಡುವ ಮೊದಲು ಇದನ್ನು ವಿಚಾರ ಮಾಡಿರಿ.

ಮನೆಯ ಕಲಿಕೆಗೆ ಖರ್ಚು ಕಡಿಮೆ. ಮುಂಬಯಿ ಐ.ಐ.ಟಿ.ಯ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳು ಪುಕ್ಕಟೆ. ಅವುಗಳಲ್ಲಿ ಅನೇಕಕ್ಕೆ ಕನ್ನಡ ಧ್ವನಿಯೂ ಉಂಟು. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ‘ಸ್ವಯಂ’ನಲ್ಲಿ ಪಾಠಕ್ಕೆ ಹಣವಿಲ್ಲ, ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷೆಯ ಶುಲ್ಕ ಕಟ್ಟಬೇಕು. ಅರ್ಥವಾಗದ ಪಾಠವನ್ನು ಹತ್ತು ಸಲ ಕೇಳಬಹುದು. ಕೊಯ್ಲಿನ ಕಾಲದಲ್ಲಿ ನಿಲ್ಲಿಸಿ, ಆಮೇಲೆ ಮುಂದುವರಿಸಬಹುದು.

ಆದರೆ ಹೀಗೆ ನಿಲ್ಲಿಸಿದವರಲ್ಲಿ ಮತ್ತೆ ಹಿಡಿಯುವವರು ಕಡಿಮೆ. ಅಮೆರಿಕದ ಹಾರ್ವರ್ಡ್ ಮತ್ತು ಎಂ.ಐ.ಟಿ. ಸಂಸ್ಥೆಗಳ ಇಂಥ ದೂರಪಾಠಗಳ ಲೆಕ್ಕ 2019ರಲ್ಲಿ ಪ್ರಕಟವಾಯಿತು. 2017–18ರಲ್ಲಿ ಸೇರಿದ ನೂರು ಮಂದಿಯಲ್ಲಿ ಮುಗಿಸಿದವರು ಸುಮಾರು 3 ಮಂದಿ. ಸುಮ್ಮನೆ ನೋಡಿಹೋಗಲು ಬಂದವರೂ ಇದರಲ್ಲಿ ಸೇರಿದ್ದಾರೆ, ನಿಜ. ಆದರೆ ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರಲ್ಲಿಯೂ ಮುಗಿಸಿದವರು ನೂರಕ್ಕೆ 46 ಮಾತ್ರ.

ಇನ್ನು ತರಗತಿ. ಅಲ್ಲಿ ವೇಳೆಗೆ ಕಟ್ಟುಪಾಡು ಉಂಟು, ತಪ್ಪು ತೋರಿಸುವವರು ಉಂಟು. ‘ಸಿ’ ಭಾಷೆಯಲ್ಲಿ ಸಾಲಿನ ಕೊನೆಯ ಒಂದು ಚಿಹ್ನೆ ಬಿಟ್ಟುಹೋದರೆ ಪ್ರೋಗ್ರಾಂ ನಡೆಯದು. ಎಷ್ಟೋ ಸಲ ಕಂಪ್ಯೂಟರು ತಪ್ಪು ಮುಂದಿನ ಸಾಲಿನಲ್ಲಿದೆ ಎನ್ನುತ್ತದೆ. ಹೊಸಬನು ದಿನವೆಲ್ಲ ಹುಡುಕಿಯಾನು. ಪಕ್ಕದಲ್ಲಿ ನಿಂತ ಶಿಕ್ಷಕರು ಕ್ಷಣದಲ್ಲಿ ತೋರಿಸುತ್ತಾರೆ. ಆದರೆ ಫೀಜಿನ ಜೊತೆಗೆ ಊಟ, ಬಾಡಿಗೆಯ ಖರ್ಚು ಸೇರುತ್ತದೆ. ಎಲ್ಲರಿಗೂ ಒಂದೇ ವೇಗದ ಪಾಠವಾದ್ದರಿಂದ ನಿಧಾನವಾಗಿ ಕಲಿಯುವವರು ಹಿಂದೆ ಬೀಳುತ್ತಾರೆ.

ಹಾಗಾದರೆ ಯಾವುದು ಸರಿ? ಬಿತ್ತುವ ಮೊದಲು ನೀವು ನೂರು ಕಾಳುಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ಮೊಳಕೆ ಎಣಿಸುವುದಿಲ್ಲವೆ? ಇಲ್ಲಿಯೂ ಹಾಗೆಯೇ ಮಾಡಿರಿ. ಎರಡು ತಿಂಗಳು ದಿನಕ್ಕೆರಡು ಗಂಟೆ ಮನೆಯಲ್ಲಿಯೇ ಪುಕ್ಕಟೆ ಪಾಠ ಕಲಿಯಲಿ. ಕೊನೆಗೆ ಡೈರಿಗೆ ಹಾಕಿದ ಹಾಲಿನ ಲೀಟರು, ದರ, ಬಟವಾಡೆಯ ಲೆಕ್ಕ ಮಾಡುವ ಒಂದು ಪ್ರೋಗ್ರಾಮನ್ನು ತಾನೇ ಬರೆದು ನಿಮಗೆ ತೋರಿಸಲಿ. ಬರೆದರೆ, ಮನೆಯ ಕಲಿಕೆಯನ್ನೇ ಮುಂದುವರಿಸಬಹುದು. ಆಸೆಯಿದ್ದೂ ತಪ್ಪು ತಿದ್ದುವವರಿಲ್ಲದೆ ನಿಂತುಹೋದರೆ, ತರಗತಿಗೆ ಹಾಕುವ ಹಣ ಸಾರ್ಥಕ. ಪುಸ್ತಕವನ್ನೇ ಮುಟ್ಟದಿದ್ದರೆ, ಸಾಲ ಮಾಡುವ ಮೊದಲೇ ಸಂಗತಿ ತಿಳಿಯಿತಲ್ಲ!

ನಡುವಿನ ದಾರಿಯೂ ಉಂಟು. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟೆಲ್ ಪಾಠಗಳು 4, 8 ಅಥವಾ 12 ವಾರದವು. ಕಲಿಯುವುದು ಮನೆಯಲ್ಲಿ, ಆದರೆ ವಾರವಾರವೂ ಅಭ್ಯಾಸ ಬರೆದು ಕಳುಹಿಸಲು ಗಡುವು ಉಂಟು.

ತರಗತಿಯೇ ಬೇಕೆಂದು ತೀರ್ಮಾನಿಸಿದರೆ ಜಾಹೀರಾತು ನಂಬಿ ಹಣ ಕಟ್ಟಬೇಡಿರಿ. ಮಗನನ್ನೋ ಮಗಳನ್ನೋ ಒಂದು ದಿನ ತರಗತಿಯಲ್ಲಿ ಕೂರಿಸಿ. ಒಬ್ಬ ಶಿಕ್ಷಕರಿಗೆ ಎಷ್ಟು ಮಂದಿ, ಒಬ್ಬೊಬ್ಬರಿಗೂ ಕಂಪ್ಯೂಟರು ಉಂಟೆ ಎಂದು ಕೇಳಿರಿ. ಹಿಂದಿನ ತಂಡದವರನ್ನು ಕಂಡು ವಿಚಾರಿಸಿರಿ. ‘ಕೆಲಸ ಖಾತ್ರಿ’ ಎಂಬ ಮಾತು, ಬಿಟ್ಟರೆ ಹಣ ವಾಪಸು ಎಂಬ ಮಾತು ಕಾಗದದಲ್ಲಿ ಇರಬೇಕು. ಕಂತಿನ ಫೀಜು ಎಂದರೆ ಎಷ್ಟೋ ಕಡೆ ಹಣಕಾಸು ಕಂಪನಿಯ ಸಾಲವೇ. ಕೋರ್ಸು ನಡುವೆ ಬಿಟ್ಟರೂ ಸಾಲ ತಾನಾಗಿ ತೀರುವುದಿಲ್ಲ. ಬಡ್ಡಿ ಎಷ್ಟು, ಯಾರ ಹೆಸರಿನಲ್ಲಿ ಎಂದು ಓದಿಸಿ ಕೇಳದೆ ರುಜು ಹಾಕಬೇಡಿರಿ.

ಪ್ರಮಾಣಪತ್ರ ಎಲ್ಲಿಯದೇ ಇರಲಿ, ಕೆಲಸ ಕೊಡುವವರು ಎದುರಿಗೆ ಕೂರಿಸಿ ಪ್ರೋಗ್ರಾಂ ಬರೆಸಿ ನೋಡುತ್ತಾರೆ. ಆದ್ದರಿಂದ ನಿಮ್ಮ ಮಗುವಿಗೆ ಕೊರತೆ ಯಾವುದು, ಪಾಠವೋ, ಶಿಸ್ತೋ, ತಿದ್ದುವವರೋ ಎಂಬುದನ್ನು ಮೊದಲು ಕಂಡುಕೊಳ್ಳಿರಿ. ಆ ಕೊರತೆಗೆ ಮಾತ್ರ ಹಣ ಹಾಕಿರಿ.